ಗಾಳಿ ಸೋಸುವ ಕಾಳು

ಸುರಪುರದ ಅಕ್ಕನ ಮನೆಗೆ ಹೋದರೆ ಮೊದಲು ಎದುರಾಗುವುದು ಅಕ್ಕನಲ್ಲ, ಅವಳ ಯಂತ್ರದ ಸದ್ದು. ಅಂಗಳದಲ್ಲಿ ಚಪ್ಪಲಿ ಬಿಡುವಾಗಲೇ ಕೇಳಿಸುತ್ತದೆ. ಸ್ವಲ್ಪ ಹೊತ್ತು ಗುರ್ ಎಂದು ದುಡಿದು, ಬುಸ್ ಎಂದು ಉಸಿರು ಬಿಟ್ಟು, ಮತ್ತೆ ಗುರ್ ಎನ್ನುತ್ತದೆ. ಮೊದಮೊದಲು ಆ ಸದ್ದಿಗೆ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಈಗ ಅದು ಕೇಳಿಸುವ ತನಕ ಚಪ್ಪಲಿ ಬಿಡಲು ಮನಸ್ಸಾಗುವುದಿಲ್ಲ.

ನಾನು ಯಾದಗಿರಿಯ ಪಿಯು ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದವಳು. ಈಗಲೂ ಇರುವುದು ಅಲ್ಲೇ, ಸ್ಟೇಷನ್ನಿಗೆ ಹತ್ತಿರ. ಅಕ್ಕ ನನಗಿಂತ ಬಹಳ ಹಿರಿಯಳು. ಅವ್ವ ಬೇಗ ತೀರಿಕೊಂಡದ್ದರಿಂದ ನನ್ನ ಜಡೆ ಹೆಣೆದವಳೂ ಅವಳೇ, ಬೆನ್ನಿಗೆ ಗುದ್ದಿದವಳೂ ಅವಳೇ. ಅವಳು ಶಾಲೆ ಬಿಟ್ಟು ಸುರಪುರದ ಚುರುಮುರಿ ಭಟ್ಟಿಯವರ ಮನೆಗೆ ಸೊಸೆಯಾಗಿ ಹೋದಳು, ನಾನು ಓದಿದೆ. ಇದರಲ್ಲಿ ಯಾರ ತ್ಯಾಗವೂ ಇಲ್ಲ. ಅವಳಿಗೆ ಓದು ಬೇಡವಾಗಿತ್ತು, ನನಗೆ ಒಲೆ ಬೇಡವಾಗಿತ್ತು. ಇಬ್ಬರಿಗೂ ಬೇಕಾದದ್ದೇ ಸಿಕ್ಕಿತು.

ಭಟ್ಟಿ ಇರುವುದು ಅವಳ ಮನೆಯಿಂದ ಎರಡು ಓಣಿ ಆಚೆ. ನಾರಾಯಣಪುರದ ಕಾಲುವೆ ನೀರು ಬಂದ ಮೇಲೆ ಈ ಕಡೆಯೆಲ್ಲ ಭತ್ತ. ಹಾಗಾಗಿ ಚುರುಮುರಿಗೆ ಅಕ್ಕಿಯ ಕೊರತೆಯಿಲ್ಲ, ಒಲೆಗೆ ಹಾಕುವ ಹೊಟ್ಟಿನ ಕೊರತೆಯೂ ಇಲ್ಲ. ದೊಡ್ಡ ಕಡಾಯಿಯಲ್ಲಿ ಉಸುಕು ಕಾಯಬೇಕು. ಉಪ್ಪುನೀರು ಕುಡಿಸಿ ಒಣಗಿಸಿದ ಅಕ್ಕಿ ಆ ಕಾದ ಉಸುಕಿಗೆ ಬಿದ್ದರೆ ಕಣ್ಣು ಮಿಟುಕಿಸುವುದರೊಳಗೆ ಅರಳುತ್ತದೆ. ತಕ್ಷಣ ಎತ್ತಿ ಜರಡಿಗೆ ಸುರಿದರೆ ಚುರುಮುರಿ ಮೇಲೆ, ಉಸುಕು ಕೆಳಗೆ. ಆ ಉಸುಕು ಮತ್ತೆ ಕಡಾಯಿಗೆ. ತಾನು ಮದುವೆಯಾಗಿ ಬಂದಾಗ ಇದ್ದ ಉಸುಕೇ ಈಗಲೂ ಇದೆ ಎಂದು ಅಕ್ಕ ಬಂದವರಿಗೆಲ್ಲ ಹೇಳುತ್ತಿದ್ದಳು. ಅದು ಪೂರ್ತಿ ನಿಜವಲ್ಲ, ನಡುನಡುವೆ ಹಳ್ಳದಿಂದ ಹೊಸದು ತಂದು ಸೇರಿಸುತ್ತಿದ್ದರು. ಭಾವ ಒಲೆಗೆ ಹೊಟ್ಟು ಹಾಕುವುದು, ಅಕ್ಕ ಜರಡಿ ಹಿಡಿಯುವುದು, ಹೀಗೆ ನಡೆಯಿತು. ಭಾವ ಹೋದ ಮೇಲೆ ಮಗ ಹೊಟ್ಟು ಹಾಕಿದ.

ಆ ಭಟ್ಟಿಗೆ ಸೋಮವಾರ ಬೆಂಕಿ ಇಲ್ಲ. ಸೋಮವಾರ ಶಿವನ ದಿನ, ಒಲೆಗೆ ವಿಶ್ರಾಂತಿ. ಅಂದು ಒಲೆಯ ಬೂದಿ ತೆಗೆದು, ಉಸುಕು ಜರಡಿ ಹಿಡಿದು, ಕಡಾಯಿಗೆ ವಿಭೂತಿ ಹಚ್ಚಿ ಕೈ ಮುಗಿದು ಬರುವುದಷ್ಟೇ ಕೆಲಸ. ಊರಿನ ಬೇರೆ ಭಟ್ಟಿಯವರು ಈಚೆಗೆ ಈ ವಿಷಯದಲ್ಲಿ ಸಡಿಲವಾಗಿದ್ದಾರೆ, ಅಕ್ಕ ಆಗಲಿಲ್ಲ. ಒಮ್ಮೆ ಯಾವುದೋ ಪಕ್ಷದ ದೊಡ್ಡ ಸಭೆಗೆ ತಿಂಡಿಗೆ ಒಗ್ಗರಣೆಯ ಸುಸಲಾ ಮಾಡಲು ಚೀಲಗಟ್ಟಲೆ ಚುರುಮುರಿ ಬೇಕೆಂದು ಜನ ಜೀಪಿನಲ್ಲಿ ಬಂದು ನಿಂತಿದ್ದರು. ಸೋಮವಾರ ಎಂದು ಹೇಳಿ ಅವಳು ಬಾಗಿಲು ಹಾಕಿಕೊಂಡಳು. ಸೋಮವಾರ ಬಂದ ಸ್ವಂತ ಮಗನ ಮದುವೆಗೆ ಬೇಕಾದದ್ದನ್ನೂ ಶನಿವಾರವೇ ಹುರಿಸಿಟ್ಟಿದ್ದಳು. ನನಗೆ ಇಂಥವುಗಳಲ್ಲಿ ಅಷ್ಟು ನಂಬಿಕೆಯಿಲ್ಲ. ಆದರೆ ಅಕ್ಕನ ಎದುರು ಅದನ್ನು ಹೇಳುವಷ್ಟು ದಡ್ಡಿಯೂ ನಾನಲ್ಲ.

ಹೊಟ್ಟಿನ ಹೊಗೆ ಸುಮ್ಮನೆ ಹೋಗುವುದಿಲ್ಲ. ಅಕ್ಕನ ಕೆಮ್ಮು ಮೊದಲು ಚಳಿಗಾಲದ್ದಾಗಿತ್ತು, ಆಮೇಲೆ ವರ್ಷದ್ದಾಯಿತು. ಅಂಗಳದಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲತೊಡಗಿದಳು. ಶಹಾಪುರದ ಡಾಕ್ಟರಮ್ಮ ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು, ಬೀಡಿ ಸೇದುತ್ತಿದ್ದರೇನು ಎಂದು ಕೇಳಿದರು. ಅಕ್ಕನಿಗೆ ಬಂದ ಸಿಟ್ಟು ನೋಡಬೇಕಿತ್ತು. ಸೇದದೆಯೇ ಸೇದಿದಷ್ಟು ಹೊಗೆ ಒಳಗೆ ಹೋಗಿದೆ ಎಂದು ನಾನು ವಿವರಿಸಿದೆ. ಶ್ವಾಸಕೋಶ ಮತ್ತೆ ಮೊದಲಿನಂತಾಗುವುದಿಲ್ಲ, ದಿನದ ಹೆಚ್ಚು ಹೊತ್ತು ಆಮ್ಲಜನಕ ಬೇಕು ಎಂದು ಡಾಕ್ಟರಮ್ಮ ಹೇಳಿದರು. ಹೀಗೆ ಆ ಯಂತ್ರ ಮನೆಗೆ ಬಂತು.

ತಂದಿಟ್ಟ ಮೆಕ್ಯಾನಿಕ್ ಕಲಬುರಗಿಯವನು. ಯಂತ್ರದಿಂದ ಮೂಗಿಗೆ ಬರುವ ನಳಿಕೆ ಇರುವ ಕೋಣೆಯಲ್ಲಿ ದೀಪ, ಊದಿನಕಡ್ಡಿ, ಬೆಂಕಿಕಡ್ಡಿ ಯಾವುದೂ ಕೂಡದು ಎಂದು ಹೇಳಿ ಹೋದ. ದೇವರ ದೀಪ ಪಡಸಾಲೆಗೆ ಹೋಯಿತು. ಅಕ್ಕ ಭಟ್ಟಿಗೆ ಹೋಗುವುದೂ ನಿಂತಿತು. ಬೆಂಕಿಯ ಹತ್ತಿರ ನಳಿಕೆ ಸಲ್ಲದು, ನಳಿಕೆ ಬಿಟ್ಟು ಎರಡು ಓಣಿ ನಡೆಯುವುದು ಆಗದು. ಅವಳಿಗೆ ಆದ ದುಃಖ ಇದೊಂದೇ ಎಂದು ನನಗೆ ಅನ್ನಿಸಿತ್ತು. ಕಾಯಿಲೆಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಮಾತ್ರ ಕೇಳಿದಳು. ನಾನು ಹೇಳಿದೆ. ಗಾಳಿಯಲ್ಲಿ ಆಮ್ಲಜನಕ ಇರುವುದು ಐದರಲ್ಲಿ ಒಂದು ಪಾಲು, ಉಳಿದದ್ದೆಲ್ಲ ಹೆಚ್ಚುಕಡಿಮೆ ಸಾರಜನಕ. ಯಂತ್ರದೊಳಗೆ ಎರಡು ಕೊಳವೆಡಬ್ಬಿಗಳಿವೆ, ಅವುಗಳ ತುಂಬ ಸಾಸಿವೆಗಿಂತ ಸಣ್ಣ ಬಿಳಿ ಕಾಳು. ಜಿಯೋಲೈಟ್ ಎನ್ನುತ್ತಾರೆ, ಒಂದು ಜಾತಿಯ ಕಲ್ಲು. ಕಾಳಿನ ಮೈತುಂಬ ಕಣ್ಣಿಗೆ ಕಾಣದ ತೂತು. ಒತ್ತಡ ಹಾಕಿ ಗಾಳಿ ನುಗ್ಗಿಸಿದರೆ ಸಾರಜನಕ ಆ ತೂತುಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಆಮ್ಲಜನಕ ಆಚೆ ಬರುತ್ತದೆ. ಒಂದು ಡಬ್ಬಿ ತುಂಬುತ್ತಿದ್ದಂತೆ ಗಾಳಿ ಇನ್ನೊಂದರತ್ತ ತಿರುಗುತ್ತದೆ, ಮೊದಲಿನದು ಹಿಡಿದಿದ್ದನ್ನೆಲ್ಲ ಬುಸ್ ಎಂದು ಬಿಟ್ಟು ಖಾಲಿಯಾಗುತ್ತದೆ. ಕಾಳು ಖರ್ಚಾಗುವುದಿಲ್ಲ.

“ಹಂಗಂದ್ರ ನಮ್ಮ ಉಸುಕಿನಂಗ ಅನ್ನು” ಎಂದಳು ಅಕ್ಕ. “ಕೆಲಸ ಮಾಡ್ತದ, ಖರ್ಚಾಗಂಗಿಲ್ಲ.”

ಅಲ್ಲಿಯ ತನಕ ಸರಿಯೇ. ಆದರೆ ಉಸುಕು ಕೆಲಸ ಮಾಡುವುದು ಕಾವಿನಿಂದ, ಇದು ಒತ್ತಡದಿಂದ, ಎರಡೂ ಒಂದೇ ಅಲ್ಲ ಎಂದು ನಾನು ಹೇಳತೊಡಗಿದಾಗ ಅವಳು ಆಗಲೇ ಸೊಸೆಗೆ ಪಲ್ಯಕ್ಕೆ ಉಪ್ಪು ಎಷ್ಟು ಹಾಕಬೇಕೆಂದು ಕೂಗಿ ಹೇಳುತ್ತಿದ್ದಳು. ಅಕ್ಕ ಅರ್ಧ ತಿಳಿದ ಮೇಲೆ ಇನ್ನರ್ಧ ಕೇಳುವವಳಲ್ಲ. ನನ್ನ ತರಗತಿಯಲ್ಲೂ ಹಿಂದಿನ ಬೆಂಚಿನವರು ಹೀಗೇ ಇರುತ್ತಿದ್ದರು, ಆದರೆ ಅವರು ಅಕ್ಕನಷ್ಟು ಧೈರ್ಯವಾಗಿ ಮುಖ ತಿರುಗಿಸುತ್ತಿರಲಿಲ್ಲ.

ಮರುದಿನದಿಂದ ಯಂತ್ರಕ್ಕೂ ವಿಭೂತಿ ಶುರುವಾಯಿತು. ಬೆಳಿಗ್ಗೆ ಲಿಂಗಪೂಜೆ ಮುಗಿದ ಮೇಲೆ ಮಂಚದಿಂದಲೇ ಕೈ ಚಾಚಿ, ಗುಂಡಿಗಳೂ ದೀಪಗಳೂ ಇರುವ ಅದರ ಮುಖದ ಮೇಲೆ ಮೂರು ಬೆರಳು ಎಳೆಯುತ್ತಿದ್ದಳು. ದಿನದ ಮೇಲೆ ದಿನ ಪದರ ಸೇರಿ ಯಂತ್ರದ ಮುಖ ಪೂರಾ ಬೆಳ್ಳಗಾಯಿತು. ದುಡಿಯುವ ಸಾಮಾನಿಗೆ ಕೈ ಮುಗಿಯುವುದರಲ್ಲಿ ತಪ್ಪೇನಿದೆ ಎಂದು ನಾನೂ ಸುಮ್ಮನಿದ್ದೆ.

ಆಮೇಲೆ ಬೇಸಿಗೆ ಬಂತು. ಯಾದಗಿರಿ ಕಡೆಯ ಬೇಸಿಗೆಯನ್ನು ಇಲ್ಲಿಯವರಿಗೆ ವರ್ಣಿಸಬೇಕಾಗಿಲ್ಲ, ಬೇರೆ ಕಡೆಯವರಿಗೆ ವರ್ಣಿಸಿದರೆ ನಂಬುವುದಿಲ್ಲ. ಏಪ್ರಿಲ್ ಬಂತೆಂದರೆ ಪ್ರತಿ ಮನೆಯ ಕಿಟಕಿಗೂ ಒಂದು ಕೂಲರ್ ಏರುತ್ತದೆ. ಹುಲ್ಲಿನ ಮೇಲೆ ನೀರು ಇಳಿಯುತ್ತ, ಅದರೊಳಗಿಂದ ಗಾಳಿ ಎಳೆದು ಕೋಣೆಗೆ ತಳ್ಳುವ ಪೆಟ್ಟಿಗೆ. ಅಕ್ಕನ ಕೋಣೆಗೂ ಏರಿತು.

ಏಪ್ರಿಲ್ ಮುಗಿಯುವ ಹೊತ್ತಿಗೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನ ಅಂಕಿ ಇಳಿಯತೊಡಗಿತು. ತೊಂಬತ್ತರ ಮೇಲಿದ್ದದ್ದು ಎಂಬತ್ತರ ಕಡೆಗೆ ಜಾರಿತು. ತುಟಿ ನೀಲಿಯಾಗುತ್ತಿತ್ತು. ಮಾತು ಅರ್ಧಕ್ಕೆ ನಿಲ್ಲುತ್ತಿತ್ತು, ಅದು ಅಕ್ಕನ ಜಾಯಮಾನವೇ ಅಲ್ಲ. ಮಗ, ಸೊಸೆ ಜೀಪು ಮಾಡಿಕೊಂಡು ಶಹಾಪುರಕ್ಕೆ ಕರೆದುಕೊಂಡು ಹೋದರು, ನಾನು ಯಾದಗಿರಿಯಿಂದ ಅಲ್ಲಿಗೇ ಬಂದೆ. ಯಂತ್ರ ಹಗಲೂ ರಾತ್ರಿ ನಡೆಯುತ್ತಿದೆಯೇ ಎಂದು ಡಾಕ್ಟರಮ್ಮ ಕೇಳಿದರು. ನಡೆಯುತ್ತಿದೆ ಎಂದೆವು, ಅದು ಸುಳ್ಳಲ್ಲ. ಹಾಗಾದರೆ ಶ್ವಾಸಕೋಶವೇ ಕೈ ಬಿಡುತ್ತಿದೆ, ಮನೆಯಲ್ಲಿ ಇನ್ನು ಏನೂ ಮಾಡುವಂತಿಲ್ಲ, ಕಲಬುರಗಿಯಲ್ಲಿ ದೊಡ್ಡ ಆಸ್ಪತ್ರೆಗೆ ಸೇರಿಸಿದರೆ ಒಂದಿಷ್ಟು ದಿನ ಮುಂದೆ ಹೋಗಬಹುದು ಎಂದರು. ಬಹಳ ಮೆತ್ತಗೆ ಹೇಳಿದರು.

“ಸಾಕ್ರಿ ಅಮ್ಮಾ” ಎಂದಳು ಅಕ್ಕ. “ಸಾಕಾಗ್ಯಾದ. ಮನಿಗೆ ಹೋಗ್ತೀನಿ.”

ಅವಳ ಮಗ ನನ್ನ ಮುಖ ನೋಡಿದ. ಮನೆಗೇ ಹೋಗೋಣ ಎಂಬಂತೆ ನಾನು ತಲೆಯಾಡಿಸಿದೆ. ಬೇಡ ಎಂದವರನ್ನು ಎಳೆದುಕೊಂಡು ಹೋಗಿ ಅಪರಿಚಿತ ಮಂಚದ ಮೇಲೆ ಮಲಗಿಸುವುದು ನನಗೂ ಸರಿಕಾಣುವುದಿಲ್ಲ. ಅಕ್ಕನ ಆ ಮಾತಿನ ಬಗ್ಗೆ ಒಂಥರಾ ಹೆಮ್ಮೆಯೂ ಆಯಿತು. ಅಳಲಿಲ್ಲ, ಗೋಳಾಡಲಿಲ್ಲ, ಲೆಕ್ಕ ಮುಗಿದವರಂತೆ ಎದ್ದಳು. ಮರಳಿ ಹೋಗುವಾಗ ಜೀಪು ನಿಲ್ಲಿಸಿ, ಸುರಪುರದ ಹೊರಗೆ ತಮ್ಮ ಹೊಲದಲ್ಲಿ ಭಾವನ ಸಮಾಧಿಯ ಪಕ್ಕದ ಜಾಗ ತೋರಿಸಿದಳು. ಅಲ್ಲಿ ಬೆಳೆದಿದ್ದ ಜಾಲಿ ಕಡಿಸಿಡು ಎಂದು ಮಗನಿಗೆ ಹೇಳಿದಳು, ಆಮೇಲೆ ಅಗೆಯುವವರಿಗೆ ಮುಳ್ಳು ಚುಚ್ಚುತ್ತದೆ ಎಂದು.

ಅದಾದ ಮೇಲೆ ನಾನು ವಾರಕ್ಕೆರಡು ಸಲ ಬಸ್ಸು ಹತ್ತತೊಡಗಿದೆ. ಭೀಮೆಯ ಸೇತುವೆ ದಾಟಿ, ಶಹಾಪುರದಲ್ಲಿ ಒಂದು ಚಹಾ ಕುಡಿದು, ಅಲ್ಲಿಂದ ಸುರಪುರ. ಶಹಾಪುರದ ಗುಡ್ಡ ಮಲಗಿದ ಬುದ್ಧನಂತೆ ಕಾಣುತ್ತದೆಂದು ಬಸ್ಸಿನವರು ಮೊಬೈಲ್ ಹಿಡಿಯುತ್ತಾರೆ. ಆ ದಿನಗಳಲ್ಲಿ ನನಗೆ ಮಲಗಿದ ಯಾರನ್ನೂ ನೋಡುವ ಮನಸ್ಸಿರಲಿಲ್ಲ, ಇನ್ನೊಂದು ಕಿಟಕಿಯ ಕಡೆ ಕೂರುತ್ತಿದ್ದೆ.

ಅಂಥ ಒಂದು ಮಧ್ಯಾಹ್ನ ಅಕ್ಕ ತೂಕಡಿಸುತ್ತಿದ್ದಳು. ಮಾಡಲು ಕೆಲಸವಿಲ್ಲದೆ ಯಂತ್ರದ ಮುಖದ ವಿಭೂತಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಕೊಳೆ ನೋಡಿದರೆ ನನಗೆ ಕೈ ಸುಮ್ಮನಿರುವುದಿಲ್ಲ, ಅಷ್ಟೇ ಕಾರಣ. ಬೂದಿಯ ಕೆಳಗೆ ಒಂದು ಹಳದಿ ದೀಪ ಉರಿಯುತ್ತಿತ್ತು. ಅಲ್ಲಿ ಹಸಿರು ಉರಿಯಬೇಕು. ಹಳದಿ ಎಂದರೆ ಹೊರಗೆ ಬರುವ ಗಾಳಿಯಲ್ಲಿ ಆಮ್ಲಜನಕ ಸಾಲದು ಎಂದು ಅರ್ಥ. ಅದು ಎಷ್ಟು ದಿನದಿಂದ ಉರಿಯುತ್ತಿತ್ತೋ ಶಿವನಿಗೇ ಗೊತ್ತು.

ಯಂತ್ರದ ಹಿಂದೆ ಬಗ್ಗಿದೆ. ನನ್ನ ಕತ್ತಿಗೆ ತಣ್ಣನೆಯ ಗಾಳಿ ಬಡಿಯಿತು, ಹಸಿ ಹುಲ್ಲಿನ ವಾಸನೆ. ಯಂತ್ರವನ್ನು ಸರಿಯಾಗಿ ಕೂಲರಿನ ಬಾಯಿಗೆ ಹಿಡಿದು ನಿಲ್ಲಿಸಿದ್ದರು. ಅದು ಗಾಳಿ ಎಳೆದುಕೊಳ್ಳುವ ಕಡೆಯ ಜಾಲರಿ ಮುಟ್ಟಿದರೆ ಒದ್ದೆ. ಯಾರು ಇಲ್ಲಿ ಇಟ್ಟದ್ದು ಎಂದು ಸೊಸೆಯನ್ನು ಕೇಳಿದೆ. ಅವಳು ಒಳ್ಳೆಯ ಹುಡುಗಿ, ಮನೆಗೆ ಬಂದ ನಾಯಿಗೂ ನೀರಿಡುವವಳು. ಯಂತ್ರದ ಮೈ ಸುಡುತ್ತಿತ್ತು, ನಾವಷ್ಟೇ ತಂಪು ಮಾಡಿಕೊಂಡು ಹಗಲೂ ರಾತ್ರಿ ದುಡಿಯುವ ಅದನ್ನು ಸೆಕೆಯಲ್ಲಿ ಬಿಡುವುದು ಸರಿಯಲ್ಲ ಎಂದು ತಾನೇ ಅದನ್ನು ಕೂಲರಿನ ಮುಂದೆ ಸರಿಸಿದೆ ಎಂದಳು. ಅತ್ತೆಯೂ ಒಪ್ಪಿದ್ದರಂತೆ.

ನಾನು ನೆಲದ ಮೇಲೆ ಕೂತುಬಿಟ್ಟೆ. ಪ್ರಯೋಗಾಲಯದಲ್ಲಿ ನೀರು ಹೀರುವ ಪದಾರ್ಥಗಳನ್ನು ಬಿಗಿ ಮುಚ್ಚಳದ ಗಾಜಿನ ಪಾತ್ರೆಯಲ್ಲಿಡುತ್ತೇವೆ. ಯಾರಾದರೂ ಮುಚ್ಚಳ ತೆರೆದಿಟ್ಟು ಮನೆಗೆ ಹೋದರೆ ಬೆಳಿಗ್ಗೆ ಅದು ಕೆಲಸಕ್ಕೆ ಬಾರದು. ಆ ಬಿಳಿ ಕಾಳೂ ಅದೇ ಜಾತಿ. ಅದಕ್ಕೆ ಸಾರಜನಕ ಇಷ್ಟ, ಆದರೆ ನೀರು ಇನ್ನೂ ಇಷ್ಟ. ಒಮ್ಮೆ ನೀರು ತೂತಿನಲ್ಲಿ ಕೂತರೆ ಎದ್ದು ಹೋಗುವುದಿಲ್ಲ, ಸಾರಜನಕಕ್ಕೆ ಜಾಗ ಇರುವುದಿಲ್ಲ. ಆಗ ಯಂತ್ರ ಗುರ್ ಎನ್ನುತ್ತದೆ, ಬುಸ್ ಎನ್ನುತ್ತದೆ, ಕೊಡುವುದು ಮಾತ್ರ ಹೆಚ್ಚುಕಡಿಮೆ ನಾವು ನೀವು ಉಸಿರಾಡುವ ಗಾಳಿಯನ್ನೇ. ಅಂದರೆ ಇಷ್ಟು ದಿನ ಅಕ್ಕನಿಗೆ ಔಷಧಿಯೇ ಸಿಕ್ಕಿರಲಿಲ್ಲ. ಕೈಬಿಟ್ಟದ್ದು ಶ್ವಾಸಕೋಶವಲ್ಲದೆಯೂ ಇರಬಹುದು. ನನಗೆ ಎಷ್ಟು ಸಂತೋಷವಾಯಿತೆಂದರೆ ಸೊಸೆಯನ್ನು ಬೈಯುವುದೇ ಮರೆತುಹೋಯಿತು.

ಮಗ ಆ ಸಂಜೆಯೇ ಶಹಾಪುರದಿಂದ ಆಮ್ಲಜನಕದ ಸಿಲಿಂಡರ್ ತಂದ. ಅದರ ನಳಿಕೆ ಮೂಗಿಗಿಟ್ಟು ಚಹಾ ಕುದಿಯುವಷ್ಟರಲ್ಲಿ ಅಂಕಿ ತೊಂಬತ್ತಕ್ಕೆ ಏರಿತು. ಅಕ್ಕ ಒಂದು ಪೂರ್ತಿ ವಾಕ್ಯ ಮಾತಾಡಿದಳು: ಚಹಾಕ್ಕೆ ಸಕ್ಕರೆ ಕಡಿಮೆಯಾಗಿದೆ ಎಂದು. ನಾನು ನಡೆದದ್ದನ್ನೆಲ್ಲ ಹೇಳಿದೆ. ಕಾಯಿಲೆ ಹೋಗಿಲ್ಲ, ಅದು ಹೋಗುವುದೂ ಇಲ್ಲ, ಆದರೆ ಹೋದ ತಿಂಗಳಿಗಿಂತ ಹೆಚ್ಚಾಗಿಯೂ ಇಲ್ಲ. ಕೆಟ್ಟದ್ದು ಕಾಳು ಎಂದೆ. ಅವಳು ಹೊಸ ಕಾಳು ಬರಲು ಎಷ್ಟು ದಿನ ಎಂದು ಕೇಳಿದಳು, ಹಾಲು ಎಷ್ಟೊತ್ತಿಗೆ ಬರುತ್ತದೆ ಎಂದು ಕೇಳುವ ದನಿಯಲ್ಲಿ.

ಕಲಬುರಗಿಯ ಮೆಕ್ಯಾನಿಕ್ ಬಂದ. ಎರಡೂ ಡಬ್ಬಿ ಬಿಚ್ಚಿ ತೆಗೆದ, ಒಂದನ್ನು ಪೇಪರಿನ ಮೇಲೆ ಸುರಿದು ತೋರಿಸಿದ. ಕಾಳು ಒಂದಕ್ಕೊಂದು ಅಂಟಿ, ಅಲ್ಲಲ್ಲಿ ಪುಡಿಯಾಗಿ ಬಿತ್ತು. ಇದು ಬೇಕಾರ್, ಚೆಲ್ಲಿಬಿಡಿ, ಹೊಸ ಡಬ್ಬಿ ಹೊರಗಿನಿಂದ ತರಿಸಬೇಕು ಎಂದ. ಒದ್ದೆಯಾದದ್ದು ಒಣಗಿದರೆ ಸರಿಯಾಗುತ್ತದೇನು ಎಂದು ಅಕ್ಕ ಮಂಚದಿಂದ ಕೇಳಿದಳು. ಕಂಪನಿಯಲ್ಲಿ ದೊಡ್ಡ ಕುಲುಮೆಯಲ್ಲಿ ಕಾಯಿಸಿ ಒಣಗಿಸುತ್ತಾರೆ ಎಂದ ಅವನು, ತನ್ನ ಸ್ಪ್ಯಾನರ್ ಹುಡುಕುತ್ತ. ಅಕ್ಕ ಸೊಸೆಗೆ ಕಣ್ಣಿನಲ್ಲೇ ಏನೋ ಹೇಳಿದಳು. ಸೊಸೆ ಕಾಳು ಚೆಲ್ಲಲಿಲ್ಲ, ಮೊರಕ್ಕೆ ತುಂಬಿ ಒಳಗೊಯ್ದಳು.

ಸಿಲಿಂಡರಿನಲ್ಲಿರುವುದು ಯಂತ್ರದಂತೆ ಅಲ್ಲ, ಅದು ಖರ್ಚಾಗುತ್ತದೆ. ಮಗ ಖಾಲಿಯಾದದ್ದನ್ನು ಹೊತ್ತು ಶಹಾಪುರಕ್ಕೆ, ಅಲ್ಲಿ ಸಿಗದಿದ್ದರೆ ಯಾದಗಿರಿಗೆ ಓಡಾಡಿದ. ಭಾನುವಾರ ಮೆಕ್ಯಾನಿಕ್ ನನಗೆ ಫೋನ್ ಮಾಡಿ, ಡಬ್ಬಿ ದಾರಿಯಲ್ಲಿ ಎಲ್ಲೋ ನಿಂತಿದೆ, ಇನ್ನೂ ಕೆಲವು ದಿನ ತಡವಾಗುತ್ತದೆ ಎಂದ. ನಾನು ಯಾದಗಿರಿಯಿಂದಲೇ ಫೋನಿನಲ್ಲಿ ಅಕ್ಕನಿಗೆ ಹೇಳಿದೆ. “ಆಗ್ಲಿ” ಎಂದಳು. ಆ ‘ಆಗ್ಲಿ’ ನನಗೆ ಹಿಡಿಸಲಿಲ್ಲ. ಮರುದಿನ ಬೆಳಿಗ್ಗೆಯ ಬಸ್ಸು ಹತ್ತಿದೆ.

ಸುರಪುರದಲ್ಲಿ ಇಳಿದು ಓಣಿಯತ್ತ ತಿರುಗುವಾಗ ಅಕ್ಕನ ಭಟ್ಟಿಯ ಹೊಗೆ ಕಂಡಿತು. ಮೊದಲು ಏನೂ ಅನ್ನಿಸಲಿಲ್ಲ, ಅಲ್ಲಿ ಹೊಗೆ ಇರುವುದೇ. ನಾಲ್ಕು ಹೆಜ್ಜೆ ಹೋದ ಮೇಲೆ ಸೋಮವಾರ ಎಂಬುದು ನೆನಪಾಯಿತು. ಅಕ್ಕ ಇರುವ ತನಕ ಸೋಮವಾರ ಆ ಒಲೆ ಹೊತ್ತುವುದಿಲ್ಲ. ಹೊತ್ತಿದೆ ಎಂದರೆ ಅಕ್ಕ ಇಲ್ಲ. ನನ್ನ ತಲೆಗೆ ಬಂದದ್ದು ಇದೊಂದೇ ಲೆಕ್ಕ. ಮನೆಗೆ ಹೋಗುವ ಧೈರ್ಯವಾಗದೆ ಭಟ್ಟಿಗೆ ಹೋದೆ.

ಅಕ್ಕನ ಮಗ ಒಬ್ಬನೇ ಕಡಾಯಿಯ ಮುಂದೆ ನಿಂತಿದ್ದ. ಉಸುಕನ್ನೆಲ್ಲ ತೆಗೆದು ಮೂಲೆಗೆ ಹಾಕಿದ್ದ. ಕಡಾಯಿಯನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಬೆಳಗಿದ್ದ; ಅದರ ತಳ ಹೊಳೆಯುವುದನ್ನು ನಾನು ಮೊದಲ ಸಲ ನೋಡಿದ್ದು. ಅದರಲ್ಲಿ ಬಿಳಿ ಕಾಳು ಹುರಿಯುತ್ತಿತ್ತು. ಉದ್ದ ಹಿಡಿಯ ಮರದ ಹುಟ್ಟಿನಿಂದ ಅವನು ನಿಧಾನಕ್ಕೆ ಕೈಯಾಡಿಸುತ್ತಿದ್ದ. ಬಾಗಿಲಲ್ಲಿ ಅಕ್ಕಪಕ್ಕದ ಇಬ್ಬರು ಮೂವರು ಏನೂ ಕೇಳದೆ ನಿಂತಿದ್ದರು.

“ಸಣ್ಣವ್ವಾ, ನಾ ಬ್ಯಾಡಂದೇರಿ” ಎಂದ ನನ್ನನ್ನು ನೋಡಿದ ಕೂಡಲೇ. “ಇವತ್ತ ಸೋಮವಾರ ಅದ ಅವ್ವಾ ಅಂದೆ. ನೀ ಹಚ್ಚು, ಶಿವ ಕೇಳಿದ್ರ ನನ್ನ ಹೆಸರ ಹೇಳು ಅಂದಾಳ.”

ನಾಳೆ ಹುರಿದರೆ ಆಗುತ್ತಿರಲಿಲ್ಲವೇ ಎಂದು ಕೇಳಿದೆ. ನಾಳೆಯ ತನಕ ಕಾಯುವುದಿಲ್ಲ ಎಂದು ಬೆಳಗಿನಿಂದ ಹಟ ಹಿಡಿದಿದ್ದಾಳೆ, ಗಳಿಗೆಗೊಮ್ಮೆ ಸೊಸೆಯಿಂದ ಫೋನ್ ಮಾಡಿಸಿ ಉರಿ ಸಣ್ಣಗಿರಲಿ, ತಳ ಹತ್ತದಿರಲಿ ಎನ್ನುತ್ತಿದ್ದಾಳೆ ಎಂದ.

ಅಲ್ಲಿದ್ದ ಖಾಲಿ ಚೀಲದ ಮೇಲೆ ಕೂತೆ. ಮೊದಲು ಸಮಾಧಾನವಾಯಿತು, ಆಮೇಲೆ ಸಿಟ್ಟು ಬಂತು. ಕಡಾಯಿಯ ಕಾವಿಗೆ ಆ ಕಾಳು ಪೂರ್ತಿ ಒಣಗುವುದಿಲ್ಲ. ಒಣಗಿದರೂ ಆರುವಾಗ ಹೊರಗಿನ ಗಾಳಿಯ ತೇವ ಮತ್ತೆ ಹೀರುತ್ತದೆ. ಡಬ್ಬಿಗೆ ಮರಳಿ ತುಂಬುವುದು ಮನೆಯಲ್ಲಿ ಆಗುವ ಕೆಲಸವಲ್ಲ. ಇದನ್ನು ಹೇಳಬೇಕೆಂದು ಬಾಯಿ ತೆರೆದವಳು ಹೇಳಲಿಲ್ಲ. ಶಹಾಪುರದಲ್ಲಿ ಅವಳು ಆಡಿದ ಮಾತು ನೆನಪಾಯಿತು. ನಮ್ಮ ಕಡೆ ಊಟಕ್ಕೆ ಕೂತವರು ಸಾಕು ಎಂದರೆ ಯಾರೂ ನಂಬುವುದಿಲ್ಲ, ಇನ್ನೊಂದು ರೊಟ್ಟಿ ಹಾಕಿಯೇ ಹಾಕುತ್ತಾರೆ. ಅಕ್ಕ ಬದುಕು ಸಾಕು ಎಂದಾಗ ನಾವು ಮೂವರೂ ಒಂದೇ ಮಾತಿಗೆ ಒಪ್ಪಿಕೊಂಡಿದ್ದೆವು. ಜಾಲಿ ಕೂಡ ಕಡಿಸಿಯಾಗಿತ್ತು.

ಕಾಳು ಹುರಿದದ್ದಾಯಿತು. ಅಗಲ ತಟ್ಟೆಯಲ್ಲಿ ಆರಿಸಿ, ಸ್ಟೀಲ್ ಡಬ್ಬಿಗೆ ತುಂಬಿ, ಬಿಗಿಯಾಗಿ ಮುಚ್ಚಿ ಇಬ್ಬರೂ ಮನೆಗೆ ತಂದೆವು. ಅಕ್ಕ ಸಿಲಿಂಡರಿನ ನಳಿಕೆ ಮೂಗಿಗಿಟ್ಟುಕೊಂಡು ಮಂಚದ ಮೇಲೆ ನೆಟ್ಟಗೆ ಕೂತಿದ್ದಳು. ಹಣೆಯ ಮೇಲೆ ಆಗ ತಾನೇ ಹಚ್ಚಿದ ವಿಭೂತಿ. ನನ್ನ ಕಡೆ ನೋಡದೆ ಡಬ್ಬಿಯ ಕಡೆ ನೋಡಿ, ಒಣಗಿದೆಯೋ ಇಲ್ಲವೋ ಹೇಗೆ ತಿಳಿಯುತ್ತದೆ ಎಂದಳು.

ತಿಳಿಯುವ ದಾರಿ ಒಂದಿದೆ, ತರಗತಿಯಲ್ಲಿ ಮಾಡಿ ತೋರಿಸುತ್ತಿದ್ದೆ. ಒಂದು ಹಿಡಿ ಕಾಳನ್ನು ಸ್ಟೀಲ್ ಲೋಟಕ್ಕೆ ಹಾಕಿ, ಮೇಲೆ ಸ್ವಲ್ಪ ತಣ್ಣೀರು ಬಿಟ್ಟು ಅಕ್ಕನ ಕೈಗೆ ಕೊಟ್ಟೆ. ಚೆನ್ನಾಗಿ ಒಣಗಿದ ಕಾಳು ನೀರು ಕುಡಿಯುವಾಗ ಲೋಟ ಹಿಡಿಯಲಾಗದಷ್ಟು ಕಾಯುತ್ತದೆ. ಸಣ್ಣಗೆ ಗುಳ್ಳೆ ಎದ್ದವು. ಅಕ್ಕ ಎರಡೂ ಅಂಗೈಯಲ್ಲಿ ಲೋಟ ಹಿಡಿದು ಕಾದಳು. ಸೊಸೆಯೂ ಮಗನೂ ಬಾಗಿಲಲ್ಲಿ ನಿಂತರು.

“ಬೆಚ್ಚಗಾಗ್ಯಾದ” ಎಂದಳು.

ಮುಟ್ಟಿ ನೋಡಿದೆ. ಆಗಿತ್ತು, ಆದರೆ ಬರೀ ಬೆಚ್ಚಗೆ. ಅವಳಿಗೆ ಸುಳ್ಳು ಹೇಳುವುದು ನನಗೆ ಬರುವುದಿಲ್ಲ. ಅಷ್ಟು ಸಾಲದು, ಅರ್ಧ ಒಣಗಿದೆ ಅಷ್ಟೇ, ಇದರಿಂದ ಯಂತ್ರ ನಡೆಯುವುದಿಲ್ಲ, ಹೊಸದೇ ಬರಬೇಕು ಎಂದೆ. ಅಕ್ಕ ಲೋಟ ಕೆಳಗಿಡಲಿಲ್ಲ. ಅದು ತಣ್ಣಗಾಗುವ ತನಕ ಹಿಡಿದೇ ಇದ್ದಳು. ಆಮೇಲೆ ಸಣ್ಣ ದನಿಯಲ್ಲಿ, ಮಗ ಸೊಸೆಗೆ ಕೇಳಿಸದಂತೆ ನನ್ನನ್ನು ಕೇಳಿದಳು:

“ಖರೇ ಬರ್ತಾವಲ್ಲ, ತಂಗಿ?”

ಆ ದನಿ ನಾನು ಎಂದೂ ಕೇಳಿರಲಿಲ್ಲ. ಅವ್ವ ಹೋದಾಗಲೂ ಕೇಳಿರಲಿಲ್ಲ. ನಾನೇ ಹೋಗಿ ತರುತ್ತೇನೆ ಎಂದೆ. ಮರುದಿನ ಬೆಳಿಗ್ಗೆ ಕಲಬುರಗಿಗೆ ಹೋಗಿ ಮೆಕ್ಯಾನಿಕ್ಕಿನ ಅಂಗಡಿಯಲ್ಲಿ ಬೆಂಚು ಹಿಡಿದು ಕೂತೆ. ಮೇಷ್ಟರಿಗೆ ಒಂದು ಲಾಭವಿದೆ, ಸುಮ್ಮನೆ ಕೂತು ದಿಟ್ಟಿಸಿದರೂ ಎದುರಿನವರು ಗಡಬಡಿಸುತ್ತಾರೆ. ಅವನು ಕಂಡಕಂಡವರಿಗೆಲ್ಲ ಫೋನ್ ಮಾಡಿ, ಬೀದರಿನ ಯಾವುದೋ ಅಂಗಡಿಯಲ್ಲಿದ್ದ ಜೋಡಿ ಡಬ್ಬಿಗಳನ್ನು ಬಸ್ಸಿಗೆ ಹಾಕಿಸಿದ. ಅವನನ್ನೂ ಡಬ್ಬಿಗಳನ್ನೂ ಒಟ್ಟಿಗೇ ಸುರಪುರಕ್ಕೆ ಕರೆತಂದೆ.

ಹೊಸ ಕಾಳಿನ ಮೇಲೆ ಯಂತ್ರ ಗುರ್ ಎಂದಿತು. ಸ್ವಲ್ಪ ಹೊತ್ತಿನಲ್ಲಿ ಹಸಿರು ದೀಪ ಹತ್ತಿತು. ಈಗ ಅದು ಕೂಲರಿನಿಂದ ದೂರ, ಬಾಗಿಲ ಪಕ್ಕ, ಒಣ ಗಾಳಿ ಬರುವಲ್ಲಿ ನಿಂತಿದೆ. ಸುರಪುರದಲ್ಲಿ ಬೇಸಿಗೆಯ ಒಣ ಗಾಳಿಗೇನು ಬರಗಾಲ. ವಿಭೂತಿ ಮುಖ ಬಿಟ್ಟು ನೆತ್ತಿಗೆ ಹೋಗಿದೆ, ಆ ಒಪ್ಪಂದಕ್ಕೆ ಬರಲು ಅಕ್ಕನೊಂದಿಗೆ ಅರ್ಧ ದಿನ ವಾದ ಮಾಡಿದೆ. ಅವಳು ಮನೆಯೊಳಗೆ ಗೋಡೆ ಹಿಡಿಯದೆ ಓಡಾಡುವಷ್ಟಾದಳು. ಮುಂದಿನ ಸೋಮವಾರ ಭಟ್ಟಿ ಹೊತ್ತಲಿಲ್ಲ.

ಹೊರಡುವ ಮುಂಚೆ ಅಡುಗೆಮನೆಯಲ್ಲಿ ಆ ಸ್ಟೀಲ್ ಡಬ್ಬಿ ಕಂಡಿತು. ಯಾರಾದರೂ ಸಾಬೂದಾನಿ ಎಂದುಕೊಂಡು ಪಾಯಸಕ್ಕೆ ಹಾಕಿಬಿಟ್ಟಾರು ಎಂದು, ಹಿತ್ತಲಿಗೆ ಚೆಲ್ಲಲು ಎತ್ತಿಕೊಂಡೆ. ಅಕ್ಕ ನಳಿಕೆ ಎಳೆದುಕೊಂಡು ಬಾಗಿಲ ತನಕ ಬಂದಳು. ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು, ಮುಚ್ಚಳ ಒತ್ತಿ ಬಿಗಿ ಇದೆಯೇ ನೋಡಿ, ಮೇಲಿನ ಹಲಗೆಯ ಮೇಲೆ ಒಳಗೆ ಸರಿಸಿ ಇಟ್ಟಳು.

“ಚೆಲ್ಲಬ್ಯಾಡ” ಎಂದಳು. “ಬರೋ ಬ್ಯಾಸಗಿಗೆ ಬೇಕಾಗತಾವ.”